ಆ ಓಮ್ನಿ ಯಾರದ್ದು?

ನಮ್ಮ ನಾಲ್ಕನೇ ಕ್ರಾಸಿನ ತುದಿಯಲ್ಲಿ ಒಂದು ಬಿಳಿ ಓಮ್ನಿ ನಿಂತಿತ್ತು. ನಾಲ್ಕೂ ಟೈರು ನೆಲ ಕಚ್ಚಿದ್ದವು. ಹಿಂದಿನ ಗಾಜು ಒಡೆದಿದ್ದ ಜಾಗಕ್ಕೆ ಯಾರೋ ಸಿಮೆಂಟ್ ಚೀಲ ತುರುಕಿದ್ದರು. ಒಳಗೆ ಎಳನೀರು ಬುರುಡೆ, ಹಳೇ ಚಪ್ಪಲಿ, ಪ್ಲಾಸ್ಟಿಕ್ ಕವರ್. ಬೆಳಿಗ್ಗೆ ಕಸ ಗುಡಿಸುವವರ ಪೊರಕೆ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತಿತ್ತು. ನಾವೂ ಹಾಗೇ ಬಳಸಿಕೊಂಡು ಹೋಗುತ್ತಿದ್ದೆವು, ವರ್ಷಗಟ್ಟಲೆ.

2024ರ ಮಳೆಗಾಲದಲ್ಲಿ ನಮ್ಮ ಬೀದಿಯ ಮೂವರು ಮಕ್ಕಳಿಗೆ ಡೆಂಗಿ ಬಂತು. ಲಾರ್ವಾ ನೋಡಲು ಬಂದ ಆರೋಗ್ಯ ಸಿಬ್ಬಂದಿ ಓಮ್ನಿ ಪಕ್ಕ ಬಿದ್ದಿದ್ದ ಟೈರಿನೊಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಒಂದು ಲೋಟದಷ್ಟು ನೀರು. ಅದರ ತುಂಬಾ ಸಣ್ಣ ಸಣ್ಣ ಹುಳು, ಬಾಗಿ ನೆಟ್ಟಗಾಗಿ ಕುಣಿಯುತ್ತಿದ್ದವು. 'ಮೊಟ್ಟೆ ಸೊಳ್ಳೆ ಆಗೋಕೆ ಎಂಟು ಹತ್ತು ದಿನ ಸಾಕು ಮೇಡಂ' ಎಂದರು. ಅವತ್ತೇ ನಿರ್ಧಾರ ಮಾಡಿದೆ, ಇದನ್ನು ಇಲ್ಲಿಂದ ಎತ್ತಿಸಲೇಬೇಕು ಅಂತ. ಬಡಾವಣೆಯ ಸಂಘದ ಕಾರ್ಯದರ್ಶಿ ಕೆಲಸ ನನ್ನ ಮೇಲಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಫೋನ್ ಮಾಡಿ ದೂರು ಕೊಟ್ಟೆ. ಒಂದು ಕಚೇರಿಯವರು ಗಾಡಿ ಎತ್ತುವುದು ಪೊಲೀಸರ ಕೆಲಸ ಎಂದರು. ಪೊಲೀಸರು ರಸ್ತೆ ಪಾಲಿಕೆಯದ್ದಲ್ವಾ ಎಂದರು. ಎರಡು ತಿಂಗಳು ಹೀಗೇ ಹೋಯಿತು.

ಆಮೇಲೆ ಕಾನೂನು ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಇದಕ್ಕೆಂದೇ ಇದೆ. ಸಾರ್ವಜನಿಕ ಜಾಗದಲ್ಲಿ ಗಾಡಿಯನ್ನು 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟು ಹೋಗಿದ್ದರೆ, ಆ ವ್ಯಾಪ್ತಿಯ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದನ್ನು ಎತ್ತಿಸಬಹುದು. ಮುರಿದ, ಸುಟ್ಟ, ಅರ್ಧ ಬಿಚ್ಚಿದ ಗಾಡಿ ಸಂಚಾರಕ್ಕೆ ಅಪಾಯ ತರುವಂತಿದ್ದರೆ ತಕ್ಷಣ ಎತ್ತಿಸಬಹುದು. ಎತ್ತುವ ಖರ್ಚು ಮಾಲೀಕರದ್ದು. ಓದಿದಾಗ ಸಮಾಧಾನ ಆಯಿತು, ಆದರೆ ತೊಂದರೆ ಬೇರೆ ಕಡೆ ಇತ್ತು. ಎತ್ತಿದ ಗಾಡಿ ಇಡಲು ಠಾಣೆಯಲ್ಲಿ ಜಾಗ ಇರಲಿಲ್ಲ. ಮಾಲೀಕರು ಯಾರೆಂದು ತಿಳಿಯದ ಗಾಡಿ ಎತ್ತಿದರೆ ಅದರ ಹಿಂದೆ ಮಹಜರು, ನೋಟಿಸು, ಕೋರ್ಟು ಎಲ್ಲ ಬರುತ್ತದೆ. ಯಾರಾದರೂ ಹಿಂದೇಟು ಹಾಕುತ್ತಾರೆ.

ಹಾಗಾಗಿ ದಾರಿ ಬದಲಿಸಿದೆ. ಗಾಡಿ ಎತ್ತಿಸುವ ಮೊದಲು ಅದು ಯಾರದ್ದು, ಯಾಕೆ ಇಲ್ಲೇ ನಿಂತಿದೆ ಎಂದು ಹುಡುಕೋಣ ಎಂದುಕೊಂಡೆ.

ಒಂದು ಭಾನುವಾರ ನಾವು ನಾಲ್ವರು ನೋಟ್‌ಬುಕ್ ಹಿಡಿದು ಸುತ್ತಿದೆವು. ಬಡಾವಣೆಯಲ್ಲಿ ಓಮ್ನಿಯೂ ಸೇರಿ ಹೀಗೇ ನಿಂತುಬಿಟ್ಟ 11 ಗಾಡಿ ಸಿಕ್ಕವು. ಪ್ರತಿಯೊಂದರ ನಂಬರು (ಇದ್ದರೆ), ಬಣ್ಣ, ಯಾವ ಮನೆ ಮುಂದೆ ಎಂದು ಬರೆದು, ತಾರೀಖು ಕಾಣುವ ಹಾಗೆ ಫೋಟೋ ತೆಗೆದೆವು. ಒಂದು ಕೆಲಸ ಮಾತ್ರ ಮರೆಯಬೇಡಿ: ಟೈರಿನಿಂದ ರಸ್ತೆಗೆ ಸೇರುವ ಹಾಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಅದರ ಫೋಟೋ ಇಟ್ಟುಕೊಳ್ಳಿ. ವಾರ ಬಿಟ್ಟು ಅದೇ ಗೆರೆಯ ಇನ್ನೊಂದು ಫೋಟೋ ತೆಗೆಯಿರಿ. ಮಳೆಗೆ ಅಳಿಸಿದರೆ ಮತ್ತೆ ಎಳೆಯಿರಿ. 'ಮೊನ್ನೆ ತಾನೇ ಓಡಿಸಿದ್ದೆ' ಅಂತ ಯಾರಾದರೂ ಹೇಳಿದರೆ ಆ ಗೆರೆಯೇ ಉತ್ತರ.

ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ಆದರೆ ನೋಂದಣಿ, ವಿಮೆ ಯಾವಾಗ ಮುಗಿದಿದೆ ಎಂದು ತಿಳಿಯುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು. ನಮ್ಮ 11ರಲ್ಲಿ ನಂಬರ್ ಪ್ಲೇಟ್ ಇದ್ದ 10ರಲ್ಲಿ ಒಂದಕ್ಕೂ ವಿಮೆ ಇರಲಿಲ್ಲ.

ನಂತರ ಪ್ರತಿ ಗಾಡಿಗೂ ಒಂದು ಚೀಟಿ ಅಂಟಿಸಿದೆವು. 'ಈ ಗಾಡಿ ನಿಮ್ಮದಾದರೆ ದಯವಿಟ್ಟು ಫೋನ್ ಮಾಡಿ. ಪೇಪರಿನ ತೊಂದರೆ ಇದ್ದರೆ ಸಹಾಯ ಮಾಡುತ್ತೇವೆ. 15 ದಿನದ ನಂತರ ಪೊಲೀಸರಿಗೆ ಅರ್ಜಿ ಕೊಡುತ್ತೇವೆ.' ಇಷ್ಟೇ. ಬೈಗುಳ ಇಲ್ಲ, ಹೆದರಿಕೆ ಇಲ್ಲ. 15 ದಿನದಲ್ಲಿ 4 ಗಾಡಿ ತಾವಾಗೇ ಹೋದವು.

ಓಮ್ನಿಯ ಫೋನ್ ಬಂದಿದ್ದು ಹಿಂದಿನ ಬೀದಿಯಿಂದ. ಎಪ್ಪತ್ತರ ಆಸುಪಾಸಿನ ಒಬ್ಬರು ಅಮ್ಮ. ಯಜಮಾನರು ತೀರಿಕೊಂಡು ಆರು ವರ್ಷ, ಮಗ ಪುಣೆಯಲ್ಲಿ. ಕಾಫಿ ಕೊಟ್ಟು ಕೂತರು. 'ಪ್ರತಿ ಭಾನುವಾರ ಅವರೇ ತೊಳೀತಿದ್ರು ಕಣಮ್ಮ. ಗುಜರಿಯವನಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಕೊಡೋಣ ಅಂದ್ರೆ ಎಲ್ಲಿ ಹೋಗಿ ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಾಗ್ಲಿಲ್ಲ.' ಆರ್‌ಸಿಯನ್ನು ದೇವರ ಮನೆಯ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಆ ಗಾಡಿ ನೋಡಿ ನಾವು ಅಷ್ಟು ವರ್ಷ ಯಾರನ್ನೋ ಬೈದುಕೊಂಡಿದ್ದೆವು.

ಮಾಲೀಕರು ತೀರಿಕೊಂಡರೆ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಆರ್‌ಟಿಒದಲ್ಲಿ ಫಾರಂ 31 ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮಗನ ಒಪ್ಪಿಗೆ ಪತ್ರ ಎಲ್ಲ ಸೇರಿಸಿದೆವು. ಮೂರು ಸಲ ಓಡಾಡಬೇಕಾಯಿತು. ಆಮೇಲೆ ಸರ್ಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟೆವು. 2021ರ ನಿಯಮಗಳ ಪ್ರಕಾರ ಇಂಥ ಕೇಂದ್ರದವರು ಗಾಡಿ ಕಳವಿನದ್ದಲ್ಲ ಎಂದು ದಾಖಲೆಯಲ್ಲಿ ನೋಡಿಕೊಂಡೇ ತಗೊಳ್ಳಬೇಕು, ಗಾಡಿ ಒಪ್ಪಿಸಿದ್ದಕ್ಕೆ ದಾಖಲೆಯಾಗಿ ಠೇವಣಿ ಪ್ರಮಾಣಪತ್ರ ಕೊಡಬೇಕು. ಬೀದಿಯಲ್ಲಿ ಬರುವ ಗುಜರಿಯವರಿಗೆ ಕೊಟ್ಟರೆ ಗಾಡಿ ಹೋಗುತ್ತದೆ, ದಾಖಲೆಯಲ್ಲಿ ಹೆಸರು ಮಾತ್ರ ನಿಮ್ಮದೇ ಉಳಿಯುತ್ತದೆ.

ಒಂದು ಸ್ಕೂಟರಿನ ಮಾಲೀಕರು ಅದನ್ನು ದಲ್ಲಾಳಿ ಮೂಲಕ ಎಂದೋ ಮಾರಿದ್ದರು. ಮಾರಿದ ಮೇಲೆ ಫಾರಂ 29, ಕೊಂಡವರ ಫಾರಂ 30 ಆರ್‌ಟಿಒಗೆ ಹೋಗಬೇಕು. ಎರಡೂ ಹೋಗಿರಲಿಲ್ಲ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಪ್ರಕರಣದಲ್ಲಿ ಹೇಳಿದೆ. ಇದನ್ನು ತಿಳಿಸಿದ ಮರುದಿನವೇ ಅವರು ಬಂದು ಸ್ಕೂಟರ್ ತಗೊಂಡು ಹೋದರು.

ನಂಬರ್ ಪ್ಲೇಟ್ ಇಲ್ಲದ ಬೈಕೊಂದಿತ್ತು. ಪೊಲೀಸರು ಛಾಸಿ ನಂಬರು ನೋಡಿದಾಗ ಅದು ಕಳವಾಗಿದ್ದ ಬೈಕ್ ಎಂದು ಗೊತ್ತಾಯಿತು. ಆದ್ದರಿಂದ ಕೈ ಮುಗಿದು ಹೇಳುತ್ತೇನೆ, ಬೀದಿಯವರೆಲ್ಲ ಸೇರಿ ನೀವೇ ಗಾಡಿ ಎತ್ತಿಸಿ ಮಾರಬೇಡಿ.

ಉಳಿದ ನಾಲ್ಕಕ್ಕೆ ಠಾಣೆಗೆ ಲಿಖಿತ ಅರ್ಜಿ ಕೊಟ್ಟೆವು. 127ನೇ ಕಲಂ ಹೆಸರಿಸಿ, ಗೆರೆಯ ಫೋಟೋ ಲಗತ್ತಿಸಿ, ಪಾಲಿಕೆಯ ಎಂಜಿನಿಯರಿಗೂ ಹೆಲ್ತ್ ಇನ್‌ಸ್ಪೆಕ್ಟರಿಗೂ ಪ್ರತಿ ಹಾಕಿ. ಸೀಲು ಹೊಡೆದ ಸ್ವೀಕೃತಿ ಇಲ್ಲದೆ ಅಲ್ಲಿಂದ ಏಳಬೇಡಿ. ಆ ಕಾಗದ ಕೈಯಲ್ಲಿದ್ದರೆ ಮುಂದಿನ ಸಲ ಮಾತು ಬೇರೆಯೇ ಇರುತ್ತದೆ. ಮೂರು ಗಾಡಿ ಹೋದವು.

ಬೀದಿಯ ಗ್ಯಾರೇಜಿನವರು ಹೊರಗೆ ಪೇರಿಸಿದ್ದ ಟೈರುಗಳಿಗೆ ಬೇರೆ ದಾರಿ ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಇಟ್ಟಿತು. ನಗರದಲ್ಲಿ ಮನೆಗೆ ₹400, ಅಂಗಡಿ ಮುಂಗಟ್ಟಿಗೆ ₹1,000, ಖಾಲಿ ಸೈಟಿಗೆ ₹2,000. ಗ್ಯಾರೇಜಿನ ಅಣ್ಣನಿಗೆ ಆ ಆದೇಶ ಓದಿ ಹೇಳಿದೆ. ಸಂಜೆಯೊಳಗೆ ಟೈರುಗಳು ಒಳಗೆ ಹೋದವು.

ಓಮ್ನಿ ಹೋದ ದಿನ ನಾವೆಲ್ಲ ಅಲ್ಲೇ ನಿಂತಿದ್ದೆವು. ಲಾರಿಗೆ ಎಳೆದು ಹತ್ತಿಸುವಾಗ ಒಂದು ಬಾಗಿಲು ಕಳಚಿ ಬಿತ್ತು. ಅಮ್ಮ ಬಂದು ಸ್ಟೀರಿಂಗಿನ ಮುಂದೆ ಅಂಟಿಸಿದ್ದ ಪುಟ್ಟ ಗಣಪನನ್ನು ಬಿಡಿಸಿಕೊಂಡು ಸೆರಗಿನಲ್ಲಿ ಒರೆಸಿದರು. ಗಾಡಿ ಹೋದ ಮೇಲೆ ಕೆಳಗೆ ಗೇಣುದ್ದ ಕೊಳೆತ ಎಲೆ. ಅದನ್ನು ಎತ್ತಿದಾಗ ಚರಂಡಿಯ ಜಾಲರಿ ಕಾಣಿಸಿತು. ಮಳೆ ಬಂದಾಗೆಲ್ಲ ನಮ್ಮ ಕ್ರಾಸಿನಲ್ಲಿ ನೀರು ಯಾಕೆ ನಿಲ್ಲುತ್ತಿತ್ತು ಎಂದು ಅವತ್ತು ತಿಳಿಯಿತು.

ಒಂದು ಆಟೋ ಇನ್ನೂ ಇದೆ. ಸಾಲದ ತಕರಾರು ಕೋರ್ಟಿನಲ್ಲಿದೆ. ಅಲ್ಲಿಯವರೆಗೆ ಅದರ ಮೇಲೆ ಟಾರ್ಪಾಲು ಬಿಗಿದಿದ್ದೇವೆ. ಶನಿವಾರಕ್ಕೊಬ್ಬರು ಹೋಗಿ ಅದರ ಮೇಲೆ ನಿಂತ ನೀರು ಚೆಲ್ಲಿ ಬರುತ್ತೇವೆ. ಈ ವಾರದ ಸರದಿ ನನ್ನದು.