ಮಕ್ಕಳನ್ನು ಇಡೀ ರಾತ್ರಿಯ ಆಟಕ್ಕೆ ಕರೆದೊಯ್ಯುವ ಕ್ರಮ

ಮಗಳಿಗೆ ಏಳು ವರ್ಷ ತುಂಬಿದ ಚಳಿಗಾಲದಲ್ಲಿ ನಾನು ಅವಳನ್ನು ಮೊದಲ ಬಾರಿಗೆ ಇಡೀ ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಕರೆದುಕೊಂಡು ಹೋದೆ. ತಂದೆಯೊಬ್ಬ ಮಾಡಬಹುದಾದ ತಪ್ಪುಗಳನ್ನೆಲ್ಲ ಅದೊಂದೇ ರಾತ್ರಿ ಮಾಡಿ ಮುಗಿಸಿದೆ. ಸ್ಪೀಕರಿನ ಪೆಟ್ಟಿಗೆಯ ಎದುರಿಗೇ ಕುರ್ಚಿ ಹಿಡಿದೆ; ಆಟದ ಹಾಡುಗಾರರಾದ ಭಾಗವತರು ಒಂದು ಪದ, ಅಂದರೆ ಹಾಡು, ಹೇಳಿದರೆ ನಾನು ಅವಳ ಕಿವಿಯಲ್ಲಿ ಎರಡು ನಿಮಿಷ ಅರ್ಥ ಹೇಳಿದೆ; ಹನ್ನೊಂದು ಗಂಟೆಗೆ ಅವಳ ಕಣ್ಣು ಮುಚ್ಚತೊಡಗಿದಾಗ ಭುಜ ಅಲುಗಿಸಿ, ಮುಖಕ್ಕೆ ನೀರು ಚಿಮುಕಿಸಿ ಎಚ್ಚರಿಸಿದೆ. ಮಹಿಷಾಸುರ ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು, ಆ ಅಳು ಹೆದರಿಕೆಯದ್ದೂ ಆಗಿರಲಿಲ್ಲ, ಬರೀ ನಿದ್ದೆಗೇಡಿನದ್ದಾಗಿತ್ತು. ಆಮೇಲೆ ಎರಡು ವರ್ಷ ಅವಳು ಆಟದ ಹೆಸರೆತ್ತಿದರೆ ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಕಿರಿಯವನ ವಿಷಯದಲ್ಲಿ ನಾನು ಬೇರೆ ಕ್ರಮ ಹಿಡಿದೆ, ಮತ್ತು ಮುಂದೆ ಬರೆಯುವುದೆಲ್ಲ ಹೆಚ್ಚಾಗಿ ಆ ಎರಡನೆಯ ಅನುಭವದಿಂದ ಬಂದದ್ದು.

ಮೊತ್ತಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಮಗು ಆಟದಲ್ಲಿ ನಿದ್ದೆ ಹೋಗುತ್ತದೆ ಮತ್ತು ಹೋಗಬೇಕು. ನಮ್ಮ ತಲೆಮಾರಿನವರಲ್ಲಿ ಆಟ ನೋಡಿ ಬೆಳೆದವರನ್ನು ಕೇಳಿ ನೋಡಿ: ಚಾಪೆಯ ಮೇಲೆ, ಅಜ್ಜಿಯ ಸೆರಗಿನ ಅಡಿಯಲ್ಲಿ, ಚೆಂಡೆಯ ಪೆಟ್ಟಿಗೆ ಎಚ್ಚರವಾಗಿ, ರಾಳದ ಬೆಂಕಿ ಕಂಡು, ಮತ್ತೆ ನಿದ್ದೆ ಹೋದವರೇ ಎಲ್ಲರೂ. ಎಂಟು ಗಂಟೆಗಳ ಆಟವನ್ನು ರೆಪ್ಪೆ ಮುಚ್ಚದೆ ನೋಡಿದೆ ಎಂದು ಹೇಳುವ ಹಿರಿಯರು ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂದೇ ನನ್ನ ಅನುಮಾನ. ಸಿನೆಮಾ ಮಂದಿರದಲ್ಲಿ ನಿದ್ದೆ ಹೋದರೆ ಟಿಕೇಟಿನ ಹಣ ನಷ್ಟವಾಯಿತು ಎನಿಸುತ್ತದೆ. ಬಯಲಾಟದ ರಚನೆಯೇ ಬೇರೆ, ಅದು ಎದ್ದವರನ್ನು ಮತ್ತೆ ಕಥೆಯೊಳಗೆ ಕರೆದುಕೊಳ್ಳುವಷ್ಟು ನಿಧಾನವಾಗಿ ಸಾಗುತ್ತದೆ. ಆದ್ದರಿಂದ ಸಿದ್ಧತೆಯೆಂದರೆ ಮಗುವನ್ನು ಎಚ್ಚರವಾಗಿಡುವ ಸಿದ್ಧತೆಯಲ್ಲ, ಸುಖವಾಗಿ ಮಲಗಿಸಿ ಸರಿಯಾದ ಹೊತ್ತಿಗೆ ಎಬ್ಬಿಸುವ ಸಿದ್ಧತೆ.

ಇಡೀ ರಾತ್ರಿಯ ಆಟಕ್ಕೆ ನೇರವಾಗಿ ಹಾರಬೇಡಿ. ಮಳೆಗಾಲದಲ್ಲಿ ಸಂಜೆಯ ಹೊತ್ತು ಮನೆಮನೆಗೆ ಬರುವ ಸಣ್ಣ ತಂಡ, ಚಿಕ್ಕಮೇಳವೇ ಮಗುವಿಗೆ ಉತ್ತಮ ಒಂದನೇ ತರಗತಿ. ಎರಡು ವೇಷ, ಒಬ್ಬ ಭಾಗವತ, ಒಂದು ಚೆಂಡೆ, ಒಂದು ಮದ್ದಳೆ, ಹೆಚ್ಚೆಂದರೆ ಹದಿನೈದು ನಿಮಿಷದ ಪ್ರದರ್ಶನ. ಬರುವ ದಿನವನ್ನು ಅವರು ಮುಂಚಿತವಾಗಿ ತಿಳಿಸುತ್ತಾರೆ; ನೀವು ಚಾವಡಿಯನ್ನು ಗುಡಿಸಿ, ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯ ಇಟ್ಟು ಕಾಯಬೇಕು. ಈ ಕೆಲಸಗಳನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ನಮ್ಮ ಮನೆಯ ಚಾವಡಿಯಲ್ಲಿ, ದಿನವೂ ತಾನು ಹೋಂವರ್ಕ್ ಬರೆಯುವ ಜಾಗದಲ್ಲಿ, ಕಿರೀಟ ತೊಟ್ಟವರೊಬ್ಬರು ಗೆಜ್ಜೆ ಕಟ್ಟಿ ಕುಣಿದದ್ದು ಮಗನ ಮೇಲೆ ಮಾಡಿದ ಪರಿಣಾಮವನ್ನು ನನ್ನ ಹತ್ತು ದಿನದ ಉಪನ್ಯಾಸವೂ ಮಾಡುತ್ತಿರಲಿಲ್ಲ.

ಮೇಳಗಳ, ಅಂದರೆ ಆಟ ಆಡುವ ತಂಡಗಳ, ತಿರುಗಾಟ ದೀಪಾವಳಿ ಕಳೆದ ಮೇಲೆ ಆರಂಭವಾಗಿ ಪತ್ತನಾಜೆಯ ತನಕ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನದ ತನಕ ನಡೆಯುತ್ತದೆ; ಇಂಗ್ಲಿಷ್ ತಾರೀಕಿನಲ್ಲಿ ಅದು ಮೇ 24ರ ಸುಮಾರಿಗೆ ಬೀಳುತ್ತದೆ. ಆ ದಿನ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಶಾಲೆಯ ಪರೀಕ್ಷೆಯ ದೃಷ್ಟಿಯಿಂದ ಡಿಸೆಂಬರಿನ ರಜೆ ಅಥವಾ ಏಪ್ರಿಲ್‌ನ ಕೊನೆಯೇ ಅನುಕೂಲ, ಮತ್ತು ವಾರದಲ್ಲಿ ಶನಿವಾರವಲ್ಲದೆ ಬೇರೆ ದಿನದ ಪ್ರಸ್ತಾಪವನ್ನು ನಮ್ಮ ಮನೆಯಲ್ಲಿ ನನ್ನ ಹೆಂಡತಿ ಚರ್ಚೆಗೇ ತೆಗೆದುಕೊಳ್ಳುವುದಿಲ್ಲ. ಅವಳದ್ದು ಸರಿ.

ಹರಕೆಯ ಆಟಕ್ಕೆ ಟಿಕೇಟು ಇಲ್ಲ. ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳು ಹರಕೆ ಹೊತ್ತವರ ಮನೆಯ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಆಡುತ್ತವೆ, ಆಮಂತ್ರಣ ಪತ್ರಿಕೆ ಕೈಗೆ ಬರದಿದ್ದರೂ ಊರವರು ಹೋಗಬಹುದು, ಬಂದವರಿಗೆ ಊಟವನ್ನೂ ಹಾಕುತ್ತಾರೆ. ಸಾಲಿಗ್ರಾಮ, ಪೆರ್ಡೂರಿನಂತಹ ಡೇರೆ ಮೇಳಗಳ ರೀತಿ ಬೇರೆ. ಅಲ್ಲಿ ಟಿಕೇಟು ಇರುತ್ತದೆ, ಸಿನೆಮಾ ಧಾಟಿಯ ಹೊಸ ಸಾಮಾಜಿಕ ಪ್ರಸಂಗಗಳೂ, ಅಂದರೆ ಆಟದ ಕಥೆಗಳೂ, ಇರುತ್ತವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಮೊದಲ ಆಟಕ್ಕೆ ಪುರಾಣದ ಕಥೆಯೇ ವಾಸಿ. ಏಕೆಂದರೆ ಮಧ್ಯೆ ಒಂದು ಗಂಟೆ ನಿದ್ದೆ ಹೋಗಿ ಎದ್ದ ಮಗುವಿಗೆ ಅತ್ತೆ-ಸೊಸೆಯರ ಸಂಸಾರದ ತೊಡಕು ಏನಾಯಿತೆಂದು ತಿಳಿಯುವುದಿಲ್ಲ, ಕೃಷ್ಣ ಈಗಲೂ ಕಂಸನನ್ನು ಕೊಲ್ಲಲು ಹೊರಟಿದ್ದಾನೆಂಬುದು ತಿಳಿಯುತ್ತದೆ. ಆರು ವರ್ಷದೊಳಗಿನವರಿಗೆ ಕೃಷ್ಣಲೀಲೆಯನ್ನೇ ಆರಿಸಿ, ಅದರಲ್ಲಿ ಕಂಸನ ಅಗಸನಾಗಿ ಬರುವ ಹಾಸ್ಯಗಾರ ಮಕ್ಕಳನ್ನು ನಗಿಸಿಯೇ ನಗಿಸುತ್ತಾನೆ. ಅದಕ್ಕಿಂತ ದೊಡ್ಡವರಿಗೆ, ದೇವಿ ಮಹಿಷಾಸುರನಂತಹ ಅಸುರರನ್ನು ಕೊಲ್ಲುವ ದೇವಿಮಹಾತ್ಮೆ.

ಹೊರಡುವ ಮೊದಲು ಆಟ ಕಾಲಮಿತಿಯದ್ದೋ ಇಡೀ ರಾತ್ರಿಯದ್ದೋ ವಿಚಾರಿಸಿಕೊಳ್ಳಿ. ಶಬ್ದಮಾಲಿನ್ಯದ ಕುರಿತ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದ ಮೇಲೆ, ಮತ್ತು ಜನರಿಗೂ ಮರುದಿನದ ಕೆಲಸದ ಚಿಂತೆ ಹೆಚ್ಚಾದ ಮೇಲೆ, ಸಂಜೆ ಆರಂಭಿಸಿ ಮಧ್ಯರಾತ್ರಿಯ ಸುಮಾರಿಗೆ ಮುಗಿಸುವ ಕಾಲಮಿತಿಯ ಆಟಗಳು ಬಹಳವಾಗಿವೆ. ಮಕ್ಕಳಿಗೆ ಅದೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಎರಡು-ಮೂರು ಬಾರಿ ಅದಕ್ಕೇ ಹೋಗಿ, ತೊಂದರೆಯಿಲ್ಲ. ಆದರೆ ಕಾಲಮಿತಿಯಲ್ಲಿ ಕತ್ತರಿ ಬೀಳುವುದು ಹೆಚ್ಚಾಗಿ ಕಥೆಗೆ ಮೊದಲು ನಡೆಯುವ ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಸರಳ ಕುಣಿತ ಇರುವುದು ಅಲ್ಲಿಯೇ. ಆ ವೇಷಗಳನ್ನು ಕಟ್ಟುವವರಲ್ಲಿ ಅನೇಕರು ಈಗಷ್ಟೇ ಕಲಿತು ಮೇಳ ಸೇರಿದ ಹುಡುಗರಾಗಿರುತ್ತಾರೆ. ಮಗುವಿಗೆ ತನ್ನ ವಯಸ್ಸಿಗೆ ಹತ್ತಿರದವರು ರಂಗಸ್ಥಳದಲ್ಲಿ ಕಾಣಸಿಗುವುದು ಆ ಹೊತ್ತಿನಲ್ಲಿ ಮಾತ್ರ. ಬಾಲಗೋಪಾಲರನ್ನು ತಪ್ಪಿಸಬೇಡಿ.

ಕೊಂಡೊಯ್ಯಬೇಕಾದ ಸಾಮಾನು ಹೆಚ್ಚಿಲ್ಲ: ದಪ್ಪದೊಂದು ಚಾಪೆ, ಎರಡು ಹೊದಿಕೆ, ಕಿವಿ ಮುಚ್ಚುವ ಟೊಪ್ಪಿ, ನೀರು, ಟಾರ್ಚು, ಸೊಳ್ಳೆಗೆ ಹಚ್ಚುವ ಮುಲಾಮು. ಕೊಯ್ಲಾದ ಗದ್ದೆಯಲ್ಲಿ ಭತ್ತದ ಕೂಳೆ ಚುಚ್ಚುವುದರಿಂದ ತೆಳು ಬೆಡ್‌ಶೀಟು ಸಾಲದು, ಮತ್ತು ಮಂಗಳೂರಿನ ಸೆಖೆಯನ್ನು ನಂಬಿ ಬರಿಗೈಯಲ್ಲಿ ಹೋದವರು ಮೂರು ಗಂಟೆಯ ಇಬ್ಬನಿಗೆ ನಡುಗುತ್ತಾರೆ. ಕುಳಿತುಕೊಳ್ಳುವುದು ರಂಗಸ್ಥಳದ ಒಂದು ಬದಿಯಲ್ಲಿ, ಸ್ಪೀಕರಿನಿಂದ ದೂರ. ದೇವಿಮಹಾತ್ಮೆಯಾದರೆ ಮಹಿಷಾಸುರ ಜನರ ನಡುವಿನಿಂದಲೇ, ದೊಂದಿಯ ಬೆಳಕಿನಲ್ಲಿ, ಆರ್ಭಟಿಸುತ್ತ ಬರುತ್ತಾನೆಂಬುದನ್ನು ನೆನಪಿಡಿ. ಸಣ್ಣ ಮಕ್ಕಳಿರುವವರು ಆ ದಾರಿಯ ಅಂಚಿನಲ್ಲಿ ಚಾಪೆ ಹಾಸಬಾರದು. ಹಾಸಿದವರ ಮಕ್ಕಳ ಕಿರಿಚಾಟ ಚೆಂಡೆಯನ್ನೂ ಮೀರಿ ಕೇಳಿದೆ.

ಊಟವಾದ ಮೇಲೆ, ಪ್ರಸಂಗ ಆರಂಭವಾಗುವ ಮೊದಲು, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಚೌಕಿಗೆ ಹೋಗಿ. ಇಡೀ ರಾತ್ರಿಯಲ್ಲಿ ಮಗುವಿನ ಪಾಲಿಗೆ ಇದರಷ್ಟು ಬೆಲೆಯ ಅರ್ಧ ಗಂಟೆ ಬೇರೆಯಿಲ್ಲ. ಒಂದು ತುದಿಯಲ್ಲಿ ಮೇಳದ ದೇವರಿರುವುದರಿಂದ ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈಮುಗಿದು, ಯಾರ ಬೆಳಕಿಗೂ ಅಡ್ಡವಾಗದಂತೆ ಒಂದು ಮೂಲೆಯಲ್ಲಿ ನಿಲ್ಲಬೇಕು. ಕಿರೀಟ, ಭುಜಕೀರ್ತಿಗಳನ್ನು ಮುಟ್ಟಬಾರದು ಎಂದು ಮೊದಲೇ ಹೇಳಿ ಕರೆದೊಯ್ಯಿರಿ. ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಬಣ್ಣದ ವೇಷದವರು, ಅಂದರೆ ರಾಕ್ಷಸರ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಸೇರಿಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕೈಗನ್ನಡಿ ನೋಡುತ್ತ, ಚಿಕ್ಕ ಚಿಕ್ಕ ಮುಳ್ಳಿನಂತಹ ಚುಟ್ಟಿಗಳನ್ನು ಮುಖದ ಮೇಲೆ ಸಾಲಾಗಿ ಇಟ್ಟುಕೊಳ್ಳುವುದನ್ನು ಮಗ ಬಾಯಿ ತೆರೆದು ನೋಡಿದ. ಟಿವಿಯ ಮುಂದೆ ಐದು ನಿಮಿಷ ಒಂದೇ ಕಡೆ ಕುಳಿತುಕೊಳ್ಳದವನು ಅಲ್ಲಿ ಮುಕ್ಕಾಲು ಗಂಟೆ ನಿಂತಿದ್ದ. ಸೀರೆ ಉಟ್ಟು ಜಡೆ ಕಟ್ಟಿಕೊಳ್ಳುತ್ತಿದ್ದ ಸ್ತ್ರೀವೇಷದವರನ್ನು ಕಂಡು, "ಅಪ್ಪಾ, ಇವರು ಮಾಮನಾ, ಅತ್ತೆಯಾ?" ಎಂದು ಗಟ್ಟಿಯಾಗಿಯೇ ಕೇಳಿದ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ, "ಈಗ ಮಾಮ, ಇನ್ನು ಹತ್ತು ನಿಮಿಷಕ್ಕೆ ಅತ್ತೆ" ಎಂದರು. ಹೆದರಿಕೆಗೂ ಮದ್ದು ಚೌಕಿಯಲ್ಲೇ ಇದೆ. "ಅದು ಬರೀ ಬಣ್ಣ, ನಿಜವಲ್ಲ" ಎಂದು ನಾವು ಬಾಯಿಯಲ್ಲಿ ಹೇಳಿದರೆ ಮಗುವಿನ ಹೆದರಿಕೆಯೂ ಹೋಗುವುದಿಲ್ಲ, ಬೆರಗು ಮಾತ್ರ ಹಾಳಾಗುತ್ತದೆ. ಬಣ್ಣ ಹಚ್ಚುವ ಮನುಷ್ಯನನ್ನು ಕಣ್ಣಾರೆ ಕಂಡ ಮಗು ರಂಗಸ್ಥಳದಲ್ಲಿ ಅವನಿಗೆ ಬೇಕಾದಷ್ಟೇ ಹೆದರುತ್ತದೆ.

ಫೋನಿನ ವಿಷಯದಲ್ಲಿ ನಮ್ಮ ಮನೆಯ ನಿಯಮ ಇಷ್ಟು: ಚೌಕಿಯಲ್ಲಿ, ಕೇಳಿ, ಒಂದು ಫೋಟೊ, ಆಮೇಲೆ ಫೋನು ಚೀಲದೊಳಗೆ. ರೀಲ್ಸ್‌ನ ಮೇಲೆ ನನಗೆ ದ್ವೇಷವಿಲ್ಲ. ಮಗಳು ಎರಡು ವರ್ಷದ ಮುನಿಸನ್ನು ಬಿಟ್ಟು ಮತ್ತೆ ಆಟದ ಕಡೆ ತಿರುಗಿದ್ದೇ ಧೀಂಗಿಣ, ಅಂದರೆ ಗಿರ್ರನೆ ಸುತ್ತುತ್ತ ಹಾರುವ ಕುಣಿತ, ಇರುವ ಮೂವತ್ತು ಸೆಕೆಂಡಿನ ತುಣುಕೊಂದನ್ನು ಕಂಡು. ಹಿಂದಿನ ಕಾಲದಲ್ಲಿ ಜೀಪಿನಿಂದ ಎಸೆಯುತ್ತಿದ್ದ ಕರಪತ್ರ ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತಿದೆ ಎಂದುಕೊಂಡರಾಯಿತು. ಆದರೆ ಕರಪತ್ರವನ್ನು ಓದುತ್ತ ಆಟ ನೋಡುವವರಿಲ್ಲ. ಧೀಂಗಿಣಕ್ಕೆ ಮೊದಲು ಅರ್ಧ ಗಂಟೆ ನಡೆದ ಮಾತಿನ ಜಗಳ, ಆ ಜಗಳದಲ್ಲಿ ಒಬ್ಬನ ಮಾತು ಮುಗಿದು ಕೋಪ ಮಾತ್ರ ಉಳಿದ ಗಳಿಗೆ, ಭಾಗವತರು ಪದವನ್ನು ಎತ್ತಿದ ರೀತಿ, ಇವು ತುಣುಕಿನಲ್ಲಿ ಬರುವುದಿಲ್ಲ. ಫೋನು ಎತ್ತಿ ಹಿಡಿದವರಿಗೂ ಬರುವುದಿಲ್ಲ, ಅವರು ಧೀಂಗಿಣಕ್ಕಾಗಿ ಕಾಯುತ್ತಿರುತ್ತಾರೆ.

ಕಥೆಯನ್ನು ಎಷ್ಟು ಹೇಳಿಕೊಡಬೇಕು? ಹೋಗುವ ದಾರಿಯಲ್ಲಿ ಐದು ನಿಮಿಷದಷ್ಟು. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಏಕೆ ಎಂಬುದು ಗೊತ್ತಿದ್ದರೆ ಸಾಕು. ಇನ್ನೊಂದನ್ನು ಹೇಳಿಕೊಡಲೇಬೇಕು: ಪದ ಮೊದಲೇ ಬರೆದದ್ದು, ಮಾತು ಅಲ್ಲ. ಭಾಗವತರು ಹಾಡಿದ ಪದವನ್ನು ಹಿಡಿದುಕೊಂಡು ವೇಷಧಾರಿ ಅರ್ಥವನ್ನು, ಅಂದರೆ ತನ್ನ ಮಾತನ್ನು, ಅಲ್ಲಿಯೇ, ಆಗಲೇ ಕಟ್ಟುತ್ತಾನೆ, ಎದುರಿನವನು ಏನು ಹೇಳುತ್ತಾನೆಂದು ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಇದನ್ನು ತಿಳಿದ ದಿನದಿಂದ ಮಗಳು ಅರ್ಥಗಾರಿಕೆಯನ್ನು ಪಂದ್ಯದಂತೆ ಕೇಳುತ್ತಾಳೆ, ಯಾರು ಸಿಕ್ಕಿಬಿದ್ದರು, ಯಾರು ಜಾರಿಕೊಂಡರು ಎಂದು ಮರುದಿನ ವರದಿ ಒಪ್ಪಿಸುತ್ತಾಳೆ. ಉಳಿದಂತೆ ಆಟ ನಡೆಯುವಾಗ ತಂದೆ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ. ರಂಗದ ಮೇಲೆ ಒಬ್ಬ ಅರ್ಥಧಾರಿ ಇದ್ದಾನೆ, ಚಾಪೆಯ ಮೇಲೆ ಇನ್ನೊಬ್ಬ ಬೇಡ.

ಎಬ್ಬಿಸುವ ಹೊತ್ತನ್ನು ಮಲಗುವ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಇಡೀ ರಾತ್ರಿಯ ದೇವಿಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಸುಮಾರು ಒಂದು ಗಂಟೆಯ ಆಚೀಚೆ. ರಕ್ತಬೀಜ ಬೆಳಗಿನ ಜಾವಕ್ಕೆ. "ಮಹಿಷಾಸುರ ಬಂದ್ರೆ ಎಬ್ಬಿಸಿ ಅಪ್ಪ, ಆಯ್ತಾ? ಮರೀಬೇಡಿ" ಎಂದು ಹೇಳಿ ಮಗ ಮಲಗಿದ. ಎಬ್ಬಿಸುವುದು ವೇಷ ಕಣ್ಣೆದುರು ಬಂದ ಮೇಲಲ್ಲ, ಐದು ನಿಮಿಷ ಮುಂಚೆ. ನಿದ್ದೆಗಣ್ಣಿಗೆ ಮೊದಲು ಕಾಣುವುದು ಬೆಂಕಿಯಾದರೆ ಮಗು ಬೆಚ್ಚಿಬೀಳುತ್ತದೆ. ಎತ್ತಿ ಕೂರಿಸಿ, ನೀರು ಕುಡಿಸಿ, ಸಂತೆಯ ಕಡೆ ಒಂದು ಸುತ್ತು ಹೋಗಿ ಚರುಮುರಿ ಕೊಡಿಸಿಕೊಂಡು ಬಂದರೆ ನಿದ್ದೆ ತಾನಾಗಿ ಬಿಡುತ್ತದೆ. ಎಬ್ಬಿಸಿದರೂ ಏಳದಿದ್ದರೆ ಬಿಟ್ಟುಬಿಡಿ, ಮರುದಿನ "ಎಬ್ಬಿಸಲೇ ಇಲ್ಲ" ಎಂಬ ಆಪಾದನೆಯನ್ನು ಹೊತ್ತುಕೊಳ್ಳಿ. ಮುಂದಿನ ಆಟಕ್ಕೆ ಅವರೇ ನಿಮ್ಮನ್ನು ಎಳೆದುಕೊಂಡು ಹೋಗುವುದಕ್ಕೆ ಆ ಆಪಾದನೆಯೊಂದೇ ಸಾಕು.

ಮನೆಗೆ ಬಂದ ಮರುದಿನವೇ ತರಗತಿಗೆ ಸೇರಿಸುವ ಆತುರ ಬೇಡ. ನಮ್ಮ ಊರುಗಳಲ್ಲಿ ಕಲಿಕೆಗೆ ಕೊರತೆಯಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಇದೆ, ಎಷ್ಟೋ ಶಾಲೆಗಳಲ್ಲಿ ಈಗ ನಾಟ್ಯ ಹೇಳಿಕೊಡುವ ಗುರುಗಳು ಬರುತ್ತಾರೆ. ಆದರೆ ಮಗು ಟವೆಲನ್ನು ತಲೆಗೆ ಸುತ್ತಿ, ಅಡುಗೆಮನೆಯ ಡಬ್ಬವನ್ನು ಚೆಂಡೆಯಾಗಿಸಿ, ಒಂದೆರಡು ತಿಂಗಳು ತನ್ನಷ್ಟಕ್ಕೆ ಆಡಿಕೊಳ್ಳಲಿ. ಹವ್ಯಾಸಕ್ಕೆ ಸಮವಸ್ತ್ರ, ಶುಲ್ಕ, ಹಾಜರಿ ಬಂದ ಕೂಡಲೇ ಅದು ಎರಡನೆಯ ಶಾಲೆಯಾಗುತ್ತದೆ. ತಾನಾಗಿ ಕೇಳಿದಾಗ ಸೇರಿಸಿದರೆ ಸಾಕು, ಕೇಳದಿದ್ದರೆ ನೋಡುವವರೂ ಬೇಕಲ್ಲ.

ಇನ್ನು ಬೆಳಿಗ್ಗೆಯದ್ದು. ಮಂಗಳದ ಪದ ಮುಗಿಯುವ ತನಕ ಕುಳಿತಿರಿ, ಆಮೇಲೆ ದಾರಿಯ ಹೋಟೆಲಿನಲ್ಲಿ ಬನ್ಸ್, ಚಾ. ವಾಹನ ಓಡಿಸುವವರು ರಾತ್ರಿ ಒಂದೆರಡು ಗಂಟೆ ಮಲಗಿರಲೇಬೇಕು, ಇಲ್ಲವಾದರೆ ಬೇರೆಯವರಿಗೆ ಕೀಲಿ ಕೊಡಿ. ಮನೆಯಲ್ಲಿ ಸ್ನಾನ ಮಾಡಿಸಿ ಮಲಗಿಸಿ, ಕಥೆ ಏನೆಂದು ಪರೀಕ್ಷೆ ಮಾಡಬೇಡಿ. ಸಂಜೆಗೆ ಅವರೇ ಹೇಳಲು ಬರುತ್ತಾರೆ, ನಿದ್ದೆ ಹೋದ ಕಡೆಯಲ್ಲೆಲ್ಲ ಕಥೆಗೆ ತೂತು ಬಿದ್ದಿರುತ್ತದೆ, ಆ ತೂತುಗಳನ್ನು ಮುಚ್ಚುವ ಕೆಲಸವನ್ನು ಮನೆಯ ಹಿರಿಯರಿಗೆ ಬಿಡಿ. ನಮ್ಮ ಮನೆಯಲ್ಲಿ ಚಂಡಮುಂಡರು ದೇವಿಯನ್ನು ಕಂಡು ಹೋಗಿ ಶುಂಭನಿಗೆ ಸುದ್ದಿ ಮುಟ್ಟಿಸಿದ ಭಾಗ ಮಗನಿಗೆ ತಪ್ಪಿಹೋಗಿತ್ತು. ಅದನ್ನು ನನ್ನ ಅಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಯಾವ ವೇಷ ಎಲ್ಲಿ ನಿಂತು ಏನು ಮಾತಾಡಿತು ಎಂಬ ವಿವರದೊಂದಿಗೆ, ಅರ್ಧ ಗಂಟೆ ಹೇಳಿದರು. ಅಷ್ಟು ಹೊತ್ತೂ ಅವರು ಚಾಪೆಯ ಮೇಲೆ ಅವನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರೆಂಬುದನ್ನು ನಾನು ಹೇಳಲು ಹೋಗಲಿಲ್ಲ.