ಹೊಸಬರಿಗೆ ಮಾರ್ಗದರ್ಶಿ: ಕಲಬುರಗಿಯಲ್ಲಿ ಹೊಟ್ಟೆ ತುಂಬುವ ಸಸ್ಯಾಹಾರಿ ಊಟ

ಕಲಬುರಗಿಗೆ ಹೊಸದಾಗಿ ಬಂದ ಮನೆಯವರು ನಮ್ಮ ಸಂಘದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅಡುಗೆಯದ್ದೇ ಜಾಸ್ತಿ. ಮನೆ ಬಾಡಿಗೆಗೆ ಕೊಟ್ಟವರು ಸಸ್ಯಾಹಾರಿಗಳು. ಇಲ್ಲವೇ ಶ್ರಾವಣ ಬಂದಿದೆ. ಇಲ್ಲವೇ ಪಕ್ಕದ ಮನೆಯವರನ್ನು ಸೋಮವಾರ ಊಟಕ್ಕೆ ಕರೆದಿದ್ದೀರಿ. ಕೋಳಿ, ಮೀನು ರೂಢಿಯಿರುವ ಮನೆಯಲ್ಲಿ ಆಗ ಕೇಳುವ ಮಾತು ಒಂದೇ: ‘ಉಂಡ ಎರಡು ತಾಸಿಗೆ ಮತ್ತೆ ಹಸಿವಾಗುತ್ತದೆ, ಏನು ಮಾಡೋದು?’

ಬಹಳ ಮಂದಿ ಪನೀರು ತಂದು ಅದಕ್ಕೇ ಮಾಂಸದ ಮಸಾಲೆ ಹಾಕುತ್ತಾರೆ. ಒಂದು ದಿನಕ್ಕೆ ಸರಿ, ದಿನಾ ಅದೇ ಆದರೆ ಬೇಸರ, ಖರ್ಚೂ ಜಾಸ್ತಿ. ಇಲ್ಲಿನ ತಟ್ಟೆಯಲ್ಲಿ ಒಂದೇ ಪದಾರ್ಥ ಎಲ್ಲ ಭಾರ ಹೊರುವುದಿಲ್ಲ. ಜೋಳದ ರೊಟ್ಟಿ, ಗಟ್ಟಿ ಬ್ಯಾಳಿ (ಬೇಳೆ) ಅಥವಾ ಕಾಳು, ತಪ್ಪಲ (ಸೊಪ್ಪಿನ) ಪಲ್ಯ, ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ, ಮೊಸರು ಎಲ್ಲ ಸೇರಿದಾಗ ಊಟ ತುಂಬುತ್ತದೆ. ಹಾಗಾಗಿ ಮಾಂಸದ ಬದಲು ಏನು ಅಂತ ಹುಡುಕುವುದನ್ನು ಬಿಟ್ಟು ಇವತ್ತು ಯಾವ ಕಾಳು ಅಂತ ಶುರು ಮಾಡಿ. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಕಾಳಿನ ವಿಷಯದಲ್ಲಿ ನೀವು ಒಳ್ಳೆಯ ಊರಿಗೇ ಬಂದಿದ್ದೀರಿ. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದೆ. ಡಿಸೆಂಬರ್, ಜನವರಿಯಲ್ಲಿ ರಾಶಿಯಾದ ಮೇಲೆ ಕಾಳುಕಡಿಯ ಮಾರುಕಟ್ಟೆಯಾದ ನೆಹರು ಗಂಜ್‌ಗೆ ಒಮ್ಮೆ ಹೋಗಿ ಬನ್ನಿ. ಹೊಸ ಬ್ಯಾಳಿ ಬೇಗ ಬೇಯುತ್ತದೆ, ಅದರ ರುಚಿಯೇ ಬೇರೆ. 100 ಗ್ರಾಂ ಒಣ ಬ್ಯಾಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಒಂದು ಹಿಡಿ ಬ್ಯಾಳಿಗೆ ಒಂದು ಪಾತ್ರೆ ನೀರು ಹಾಕಿ ತೆಳು ಸಾರು ಮಾಡಿದರೆ ಅದರಲ್ಲಿ ಏನು ಉಳಿಯುತ್ತದೆ? ದೊಡ್ಡವರೊಬ್ಬರಿಗೆ ಹೊತ್ತಿಗೆ 50 ಗ್ರಾಂ ಒಣ ಬ್ಯಾಳಿ ಅಥವಾ ಕಾಳು ಅಂತ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ 200 ಗ್ರಾಂ. ರೊಟ್ಟಿಯಲ್ಲಿ ಎತ್ತಿಕೊಳ್ಳುವಷ್ಟು ಗಟ್ಟಿಯಾಗಿರಲಿ. ಮಡಕಿ, ಹೆಸರು, ಅಲಸಂದಿ ಕಾಳನ್ನು ರಾತ್ರಿಯೇ ನೆನೆಹಾಕಿ. ಮೊಳಕೆ ಬರಿಸಿದ ಮಡಕಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾಕು, ರೊಟ್ಟಿ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ.

ಕಾಳಿನ ಜೊತೆ ಜೋಳ ಇರುವುದು ಸುಮ್ನೆ ಅಲ್ಲ. ಜೋಳ, ಗೋಧಿ, ಅಕ್ಕಿಯ ಪ್ರೋಟೀನಿನಲ್ಲಿ ಮೈಗೆ ಬೇಕಾದ ಲೈಸಿನ್ ಎಂಬ ಅಂಶ ಕಡಿಮೆ. ಅದು ಕಾಳಿನಲ್ಲಿ ಚೆನ್ನಾಗಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಂಶ ಧಾನ್ಯದಿಂದ ಬರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜೋಳದ ಹಿಟ್ಟನ್ನು ಮಾತ್ರ ಜಾಸ್ತಿ ಬೀಸಿಸಿ ಇಡಬೇಡಿ. ಹಳೆಯದಾದರೆ ಕಹಿಯಾಗುತ್ತದೆ, ರೊಟ್ಟಿ ಅಂಚು ಬಿರಿಯುತ್ತದೆ. ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಒಯ್ಯಿರಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಕುದಿಯುವ ನೀರು ಹಾಕಿ ನಾದಿದರೇ ಹಿಟ್ಟಿಗೆ ಜಿಗಿ ಬರುವುದು. ಬಡಿಯಲು ಬರದಿದ್ದರೆ ಚಿಂತೆ ಬೇಡ. ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮಾಡಿದ ರೊಟ್ಟಿ ಸಿಗುತ್ತದೆ. ಖಡಕ್ ರೊಟ್ಟಿಯಾದರೆ ಬಹಳ ದಿನ ಇಡಬಹುದು.

ಅತಿಥಿಗಳು ಬರುವ ದಿನ ‘ಮುಖ್ಯ ಪದಾರ್ಥ ಎಲ್ಲಿ’ ಅಂತ ಅನ್ನಿಸುತ್ತದೆ ಅಲ್ವಾ? ಆ ದಿನಕ್ಕೆ ಎಣ್ಣೆಗಾಯಿ ಮಾಡಿ. ಕಣ್ಣಿ ಮಾರ್ಕೆಟ್‌ನಲ್ಲಿ ಮುಷ್ಟಿಯೊಳಗೆ ಹಿಡಿಯುವಂಥ ಎಳೆ ಬದನಿಕಾಯಿ ಆರಿಸಿ, ಎಂಟು-ಹತ್ತು ಸಾಕು. ತೊಟ್ಟು ತೆಗೆಯದೆ ಕೆಳಗಿನಿಂದ ನಾಲ್ಕು ಸೀಳು ಮಾಡಿ ಉಪ್ಪುನೀರಿನಲ್ಲಿ ಬಿಡಿ. ಒಂದು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಸ್ವಲ್ಪ ಒಣ ಕೊಬ್ಬರಿಯನ್ನೂ ಹುರಿದು ಎಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ. ನುಣ್ಣಗೆ ಮಾಡಿದರೆ ರುಚಿ ಅರ್ಧ ಹೋಯಿತು. ಇದಕ್ಕೆ ಬೆಳ್ಳುಳ್ಳಿ, ಮಸಾಲೆ ಖಾರ, ಹುಣಸೆ ರಸ, ಚೂರು ಬೆಲ್ಲ, ಉಪ್ಪು ಕಲೆಸಿ ಕಾಯಿಯೊಳಗೆ ತುಂಬಿ. ಎಣ್ಣೆಗೆ ಕೈ ಹಿಡಿಯಬೇಡಿ. ಉಳ್ಳಾಗಡ್ಡಿ ಕೆಂಪಾದ ಮೇಲೆ ಕಾಯಿ ಇಟ್ಟು, ಮೆಲ್ಲಗೆ ಹೊರಳಿಸಿ, ಉಳಿದ ಮಸಾಲೆಗೆ ಒಂದು ಲೋಟ ನೀರು ಸೇರಿಸಿ ಸುರಿದು ಮುಚ್ಚಿ. ಸಣ್ಣ ಉರಿ. ಎಣ್ಣೆ ಮೇಲೆ ತೇಲಿ, ತೊಟ್ಟಿನ ಬುಡ ಒತ್ತಿದರೆ ಮೆತ್ತಗಾಗಿದ್ದಾಗ ಇಳಿಸಿ. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಎಣ್ಣೆಯ ಅಂಶ. ಉಂಡ ಮೇಲೆ ಬಹಳ ಹೊತ್ತು ಹಸಿವಾಗದಿರುವುದು ಇದರಿಂದಲೇ.

ತಪ್ಪಲ ಪಲ್ಯದಲ್ಲಿ ಪುಂಡಿಪಲ್ಯವನ್ನು ಖಂಡಿತ ಕಲಿಯಿರಿ. ಹುಳಿ ಸೊಪ್ಪು, ತೊಗರಿ ಬ್ಯಾಳಿ, ಜೋಳದ ನುಚ್ಚು ಒಂದೇ ಪಾತ್ರೆಯಲ್ಲಿ ಬೆಂದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮೆಂತ್ಯೆ, ಪಾಲಕ್ ಮಾಡಿದ ದಿನ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪು-ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಸಿ ವಿಟಮಿನ್ ನೆರವಾಗುತ್ತದೆ. ಊಟವಾದ ತಕ್ಷಣ ಚಹಾ ಕುಡಿದರೆ ಅದಕ್ಕೇ ಅಡ್ಡಿ. ಇಲ್ಲಿ ಚಹಾಕ್ಕೆ ಬೇಡ ಅನ್ನುವುದು ಕಷ್ಟ, ಆದರೂ ಒಂದು ತಾಸು ಬಿಟ್ಟು ಕುಡಿಯಿರಿ.

ಶೇಂಗಾ ಹಿಂಡಿ, ಅಗಸಿ ಹಿಂಡಿ ಒಮ್ಮೆ ಕುಟ್ಟಿ ಡಬ್ಬಿಯಲ್ಲಿಟ್ಟರೆ ಬಹಳ ದಿನ ಬರುತ್ತವೆ. ಅವಸರದ ದಿನ ರೊಟ್ಟಿ, ಹಿಂಡಿ, ಗಟ್ಟಿ ಮೊಸರು ಇದ್ದರೂ ಒಂದು ಊಟವೇ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಖಾರ ಕಡಿಮೆ ಮಾಡಿ ಮಜ್ಜಿಗೆ ಜಾಸ್ತಿ ಮಾಡಿ. ಮಾಂಸ, ಮೊಟ್ಟೆ ಪೂರ್ತಿ ಬಿಟ್ಟವರು ಹಾಲು-ಮೊಸರನ್ನು ಬಿಡಬೇಡಿ. ಬಿ12 ವಿಟಮಿನ್ ಸೊಪ್ಪು-ಕಾಳಿನಲ್ಲಿ ಸಿಗುವುದಿಲ್ಲ. ಹಾಲೂ ಬೇಡ ಎನ್ನುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಮಕ್ಕಳಿಗೆ ಮೊದಮೊದಲು ಇಲ್ಲಿನ ಖಾರ ಆಗಿಬರುವುದಿಲ್ಲ. ಒಗ್ಗರಣೆಗೆ ಮುಂಚೆಯೇ ಅವರ ಪಾಲಿನ ಬ್ಯಾಳಿ ತೆಗೆದಿಟ್ಟು, ಬಿಸಿ ರೊಟ್ಟಿ ಚೂರು ಮಾಡಿ ತುಪ್ಪ ಹಾಕಿ ಕಲೆಸಿ ಕೊಡಿ.

ಈ ಅಡುಗೆಯ ನಿಜವಾದ ವೈಭವ ನೋಡಬೇಕಾದರೆ ಎಳ್ಳ ಅಮಾವಾಸ್ಯೆಗೆ ಯಾರಾದರೂ ಹೊಲಕ್ಕೆ ಕರೆದರೆ ತಪ್ಪಿಸಿಕೊಳ್ಳಬೇಡಿ. ಹಲವು ಹಸಿಕಾಳು, ಸೊಪ್ಪು, ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ನೈವೇದ್ಯವಾಗಿ ಅಡುಗೆಯನ್ನು ಹೊಲದ ತುಂಬ ಚೆಲ್ಲಿ, ಹೊಲದಲ್ಲೇ ಸಾಲಾಗಿ ಕೂತು ಉಣ್ಣುತ್ತಾರೆ. ಆ ಊಟದಲ್ಲಿ ಏನೋ ಕಡಿಮೆಯಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ನೀವು ಊಟಕ್ಕೆ ಕರೆಯುವಾಗ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಡೆಯುತ್ತದೆಯೇ ಅಂತ ಮೊದಲೇ ಕೇಳಿ. ಕೆಲವು ಮನೆಗಳಲ್ಲಿ ಅದೂ ಇಲ್ಲ, ಕೆಲವರು ವ್ರತದ ದಿನ ಮಾತ್ರ ಬಿಡುತ್ತಾರೆ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ರೊಟ್ಟಿ ಬಡಿಯುವುದನ್ನು ಕಣ್ಣಾರೆ ನೋಡಿ ಕಲಿಯಬೇಕು ಅನ್ನುವವರು ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ನಿಮ್ಮ ಓಣಿಯಲ್ಲೇ ಕಲಿಸುವ ಅಕ್ಕಂದಿರಿದ್ದಾರೆ, ಪರಿಚಯ ಮಾಡಿಸುತ್ತೇವೆ.