ಅಕ್ಷರ ಬರೆಯುವ ಮೊದಲು ಒಂದು ಪೂರ್ತಿ ವಾಕ್ಯ

ಕೊಂಡ ಸಾಮಾನಿನ ಬಗ್ಗೆ ಬೀಜಗಣಿತದ ಲೆಕ್ಕ ಸಿಕ್ಕರೆ ನಾನು ತಕ್ಷಣ ಸಮೀಕರಣಕ್ಕೆ ಕೈ ಹಾಕುವುದಿಲ್ಲ. ಮೊದಲು ಒಂದು ಪೂರ್ತಿ ವಾಕ್ಯ ಬರೆಯುತ್ತೇನೆ: ‘ಕ ಎಂದರೆ ಒಂದು ಪೆನ್ನಿನ ಬೆಲೆ.’ ಸುಮ್ನೆ ‘ಕ ಎಂದರೆ ಪೆನ್ನು’ ಅಂದರೆ ಸಾಲದು. ಪೆನ್ನಿನ ಬೆಲೆಯೋ, ಎಷ್ಟು ಪೆನ್ನು ಅನ್ನುವುದೋ? ಅದು ತೀರ್ಮಾನ ಆಗಲೇಬೇಕು. ಮಕ್ಕಳಿಗೆ ಹೇಳಿಕೊಡುವಾಗಲೂ ಈ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಪೆನ್ನಿಗೆ ‘ಪೆ’ ಅಂತ ಬರೆಯುವುದೂ ನನಗೆ ಇಷ್ಟವಿಲ್ಲ. ಆ ಅಕ್ಷರ ನೋಡಿದಾಗ ಕಣ್ಣಿಗೆ ವಸ್ತು ಕಾಣುತ್ತದೆ, ಸಂಖ್ಯೆ ಮರೆತುಹೋಗುತ್ತದೆ.

ಒಂದು ಲೆಕ್ಕ ನೋಡಿ. 3 ನೋಟ್‌ಬುಕ್, 2 ಪೆನ್ನಿಗೆ ಒಟ್ಟು 130 ಆಯಿತು. ಪೆನ್ನಿಗಿಂತ ನೋಟ್‌ಬುಕ್ಕಿನ ಬೆಲೆ 10 ಜಾಸ್ತಿ. ಪೆನ್ನಿನ ಬೆಲೆ ಕ ಆದರೆ ನೋಟ್‌ಬುಕ್ಕಿನದು ಕ + 10. ಆಗ

3(ಕ + 10) + 2ಕ = 130

ಇಲ್ಲಿ ಆವರಣ ಬಿಟ್ಟು 3ಕ + 10 ಅಂತ ಬರೆದರೆ ಏನಾಗುತ್ತದೆ? ಮೂರು ನೋಟ್‌ಬುಕ್ಕಿನಲ್ಲಿ ಒಂದಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಟ್ಟ ಹಾಗಾಗುತ್ತದೆ. ಇಷ್ಟು ಹೇಳಿದರೆ ಸಾಕು, ಆವರಣ ಯಾಕೆ ಬೇಕು ಅಂತ ಮಕ್ಕಳಿಗೆ ತಾನಾಗೇ ಹೊಳೆಯುತ್ತದೆ. ಬಿಡಿಸಿದರೆ 5ಕ + 30 = 130. ಪೆನ್ನು 20, ನೋಟ್‌ಬುಕ್ 30.

ಈಗ ಅದೇ ಬೆಲೆ ಇಟ್ಟುಕೊಂಡು ಪ್ರಶ್ನೆ ತಿರುಗಿಸೋಣ. ಎರಡೂ ಸೇರಿ 12 ವಸ್ತು, ಒಟ್ಟು 290. ಪೆನ್ನು ಎಷ್ಟು? ಈ ಸಲ ಕ ಬೆಲೆಯಲ್ಲ, ಪೆನ್ನುಗಳ ಸಂಖ್ಯೆ. ಉಳಿದ 12 − ಕ ನೋಟ್‌ಬುಕ್. ಕ + (12 − ಕ) = 290 ಅಂತ ಬರೆಯುವವರು ತುಂಬಾ ಜನ. ಎಡಗಡೆ ವಸ್ತುಗಳ ಎಣಿಕೆ, ಬಲಗಡೆ ದುಡ್ಡು. ಎರಡೂ ಸಮ ಆಗೋದು ಹೇಗೆ? ಅದಕ್ಕೇ ಪ್ರತಿಯೊಂದು ಪದದ ಕೆಳಗೂ ‘ದುಡ್ಡು’ ಅಥವಾ ‘ಎಣಿಕೆ’ ಅಂತ ಪೆನ್ಸಿಲ್‌ನಲ್ಲಿ ಬರೆಸುತ್ತೇನೆ. ಎಲ್ಲದರ ಕೆಳಗೂ ‘ದುಡ್ಡು’ ಬಂದರೆ 20ಕ + 30(12 − ಕ) = 290. ಕ = 7.

ಅಕ್ಷರವೇ ಇಲ್ಲದೆಯೂ ಇದನ್ನು ತಾಳೆ ನೋಡಬಹುದು. ಹನ್ನೆರಡಕ್ಕೆ ಹನ್ನೆರಡೂ ಪೆನ್ನೇ ಅಂದುಕೊಳ್ಳಿ, 240 ಆಗುತ್ತದೆ. ಇನ್ನೂ 50 ಬೇಕು. ಒಂದು ಪೆನ್ನು ತೆಗೆದು ನೋಟ್‌ಬುಕ್ ಇಟ್ಟರೆ 10 ಏರುತ್ತದೆ. ಹಾಗಾದರೆ 5 ನೋಟ್‌ಬುಕ್, 7 ಪೆನ್ನು.

ರಿಯಾಯಿತಿ ಲೆಕ್ಕದಲ್ಲೂ ಕ ಯಾವುದು ಅನ್ನುವುದೇ ಮುಖ್ಯ. ಶೇ. 20 ಕಳೆದು 480 ಕೊಟ್ಟರೆ ಮೂಲ ಬೆಲೆ ಎಷ್ಟು? 480ಕ್ಕೆ ಅದರ ಶೇ. 20 ಸೇರಿಸಿದರೆ 576. ಅದು ತಪ್ಪು, ಯಾಕೆಂದರೆ ರಿಯಾಯಿತಿ ಕೊಟ್ಟಿದ್ದು ಮೂಲ ಬೆಲೆಯ ಮೇಲೆ. ಮೂಲ ಬೆಲೆ ಕ ಅಂತ ಇಟ್ಟರೆ 0.8ಕ = 480, ಉತ್ತರ 600.

ನನಗೆ ತುಂಬಾ ಇಷ್ಟವಾದ ಲೆಕ್ಕ 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರದು. ಎರಡು ಬಗೆಯ ಹಣ್ಣುಗಳು. ಮೊದಲ ಬಗೆಯವು 9, ಎರಡನೆಯವು 7 ಕೊಂಡರೆ 107. ಮೊದಲನೆಯವು 7, ಎರಡನೆಯವು 9 ಕೊಂಡರೆ 101. ಎರಡು ಸಾಲನ್ನೂ ಕೂಡಿಸಿ ನೋಡಿ: ಎರಡೂ ಬಗೆಯವು ತಲಾ 16, ಒಟ್ಟು 208. ಅಂದರೆ ಒಂದೊಂದು ಕೊಂಡರೆ 13. ಕಳೆದು ನೋಡಿ: ಮೊದಲನೆಯವು 2 ಹೆಚ್ಚಾಗಿ, ಎರಡನೆಯವು 2 ಕಮ್ಮಿಯಾದರೆ 6 ಏರುತ್ತದೆ, ಅಂದರೆ ಒಂದಕ್ಕೊಂದು 3 ವ್ಯತ್ಯಾಸ. ಬೆಲೆ 8 ಮತ್ತು 5. ಒಂದನ್ನೂ ಗುಣಿಸಿ ಹೊಡೆದುಹಾಕದೆ, ಬರೀ ಕೂಡಿ ಕಳೆದು ಉತ್ತರ ಬಂತು!